ಕದ್ದ ಕಡ್ಡಿಗೆ ಬೇರು ಬೇಗ

ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಸದ್ಯಕ್ಕೆ ಹದಿನಾಲ್ಕು ಬಾಟಲಿಗಳಿವೆ. ಹಾರ್ಲಿಕ್ಸಿನದು, ಜಾಮಿನದು, ನನ್ನ ಹಳೇ ಕೆಮ್ಮಿನ ಸ್ಮಾರಕಗಳಾದ ಔಷಧದ ಸೀಸೆ ಮೂರು. ಎಲ್ಲದರಲ್ಲೂ ಕತ್ತಿನ ತನಕ ನೀರು, ನೀರಿನಲ್ಲೊಂದು ಕಡ್ಡಿ. ಇದನ್ನು ನಾನು ಉದ್ಯಾನವೆನ್ನುತ್ತೇನೆ, ಮನೆಯಾಕೆ ಗುಜರಿ ಎನ್ನುತ್ತಾಳೆ. ಕಾಮಾಕ್ಷಿಪಾಳ್ಯದ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಮನೆ ಎಬ್ಬಿಸಿ, ಅದರ ತಲೆಯ ಮೇಲೆರಡು ಬಾಡಿಗೆ ಮನೆ ಕೂರಿಸಿ, ಪಕ್ಕದ ಶೆಡ್ಡಿನ ಲೇತ್ ಮೆಷಿನ್ನು ಕಬ್ಬಿಣ ಹೆರೆಯುವ ಸದ್ದನ್ನೇ ಸುಪ್ರಭಾತವೆಂದು ಒಪ್ಪಿಕೊಂಡವನಿಗೆ, ಅಂಗೈಯಗಲ ಮಣ್ಣೂ ಉಳಿಯದ ಮೇಲೆ, ನಲ್ಲಿ ನೀರಿನ ಬೇಸಾಯವೇ ಗತಿ.

ಕಡ್ಡಿಗಳು ಎಲ್ಲಿಂದ ಬಂದವು ಎಂದು ನೀವು ಕೇಳಬಾರದಿತ್ತು. ಕೇಳಿದಿರಿ, ಹೇಳುತ್ತೇನೆ. ಬೆಳಗಿನ ವಾಕಿಂಗಿಗೆ ನಾನು ಬಸವೇಶ್ವರನಗರದ ಕಡೆಗೇ ಹೋಗುವುದು. ಅಲ್ಲಿ ಕಾಂಪೌಂಡುಗಳಿವೆ, ಕಾಂಪೌಂಡಿನಾಚೆಗೆ ಬಾಗಿದ ದಾಸವಾಳವಿದೆ, ನನ್ನ ಜೇಬಿನಲ್ಲೊಂದು ಪುಟ್ಟ ಕತ್ತರಿಯಿದೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಹಬ್ಬುತ್ತದೆ ಎಂಬುದು, ಮನಿಪ್ಲಾಂಟಿನ ವಿಷಯದಲ್ಲಂತೂ, ನಮ್ಮ ಬೀದಿಯ ವೇದವಾಕ್ಯ. ಅದಕ್ಕೆ ಶಾಸ್ತ್ರಾಧಾರವೂ ಇದೆಯೆನ್ನಿ. ತಾಹಿತಿ ಪಕ್ಕದ ಮೊರೆಯಾ ದ್ವೀಪ ಮೂಲದ ಈ ಬಳ್ಳಿಗೆ ಹೂವರಳಿಸುವಷ್ಟು ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸಿಕೊಳ್ಳಲು ಬಾರದು. ಹೂವಿಲ್ಲದ ಮೇಲೆ ಬೀಜವೆಲ್ಲಿಯದು? ಯಾರಾದರೂ ಚಿವುಟಿಕೊಂಡು ಹೋದರೇ ವಂಶೋದ್ಧಾರ. ಹೈಸ್ಕೂಲಿನಲ್ಲಿ ಕಾಯಜ ಸಂತಾನೋತ್ಪತ್ತಿ ಎಂದು ಬಾಯಿಪಾಠ ಮಾಡಿದ್ದು ಇದನ್ನೇ, ಅದರಲ್ಲಿ ಕತ್ತರಿಯ ಪಾತ್ರ ಆಗ ಹೊಳೆದಿರಲಿಲ್ಲ. ಲಾಲ್‌ಬಾಗನ್ನು ನೋಡಿಕೊಂಡಿದ್ದ ಜರ್ಮನಿಯ ಕೃಂಬಿಗಲ್ ಸಾಹೇಬರು ದೇಶವಿದೇಶದ ತೋಟಗಳ ಜೊತೆ ಕೊಟ್ಟು ತಂದೇ ಬೆಂಗಳೂರಿನ ಬೀದಿಗಳಿಗೆ ಬಣ್ಣ ತಂದದ್ದು. ಅವರು ಮಾಡಿದರೆ ಸಸ್ಯ ವಿನಿಮಯ, ಅವರ ಹೆಸರಿನಲ್ಲೊಂದು ರಸ್ತೆ. ನಾನು ಮಾಡಿದರೆ ನಾಯಿ ಬೊಗಳುತ್ತದೆ.

ವಿಧಾನ ಸುಲಭ. ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಬೇಕು, ಬೇರೊಡೆಯುವುದು ಹೆಚ್ಚಾಗಿ ಗೆಣ್ಣಿನಿಂದಲೇ. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಬಿಡಬೇಕು, ಇಲ್ಲವಾದರೆ ಕೊಳೆತು, ಮನೆಯಾಕೆಯ ಗುಜರಿ ಸಿದ್ಧಾಂತಕ್ಕೆ ಪುಷ್ಟಿ ಸಿಗುತ್ತದೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಕ್ಕಿಳಿದು, ದಾರಿ ಕಡಿದಿರುವುದನ್ನು ಕಂಡು ಗಾಯದ ಬಳಿಯೇ ಠಿಕಾಣಿ ಹೂಡಿ ಬೇರು ಹೊರಡಿಸುತ್ತದೆ. ದೊಡ್ಡಪತ್ರೆ, ಪುದೀನಕ್ಕೆ ಒಂದೆರಡು ವಾರ ಸಾಕು, ದಾಸವಾಳ ತಿಂಗಳು ಕಾಯಿಸುತ್ತದೆ. ನನ್ನ ಕರಿಬೇವು ಮಾತ್ರ ಮೂರು ಸಲವೂ ನಿಂತಲ್ಲೇ ಸದ್ಗತಿ ಪಡೆಯಿತು. ನಲ್ಲಿ ನೀರನ್ನು ರಾತ್ರಿಯೆಲ್ಲ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋಗಲು ಬಿಡುತ್ತೇನೆ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಲ್ಲಿ ಏರಿ ಬಂದ ಕಾವೇರಿ ತಾಯಿ, ಕದ್ದ ಕಡ್ಡಿಯ ಕಾಲು ತೊಳೆಯಲು ನಮ್ಮ ಹಾರ್ಲಿಕ್ಸ್ ಬಾಟಲಿಗಿಳಿಯುವುದನ್ನು ನೆನೆದರೆ ನನಗೇ ಒಂಥರಾ ಆಗುತ್ತದೆ.

ಮಾಗಡಿ ಕಡೆಯ ನಮ್ಮಜ್ಜಿಗೆ ಈ ಬಾಟಲಿಯ ಬಾಬತ್ತೇ ಇರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಕಡ್ಡಿ ಚುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿಬಿಡುತ್ತಿದ್ದಳು. ಆರೇಳು ವರ್ಷದ ನಾನು ದಿನಾ ಬೆಳಿಗ್ಗೆ ಅದನ್ನು ಕಿತ್ತು, ತಿರುಗಿಸಿ ನೋಡಿ, ಬೇರಿಲ್ಲವೆಂದು ಖಾತ್ರಿಪಡಿಸಿಕೊಂಡು, ಏನೂ ಆಗದವನಂತೆ ಮತ್ತೆ ಚುಚ್ಚುತ್ತಿದ್ದೆ. ಒಂಬತ್ತನೇ ದಿನ ಕಡ್ಡಿ ಕೈಯಲ್ಲಿರುವಾಗಲೇ ಸಿಕ್ಕಿಬಿದ್ದೆ. "ಬೇರೂ ಕಳ್ಳನಂಗೇ ಕಣ್ಲಾ ಮಗ, ಕತ್ಲಲ್ಲೇ ಬರೋದು. ನೀನು ದೀಪ ಹಿಡ್ಕಂಡು ಕಾಯ್ತಾ ಕುಂತ್ರೆ ಬತ್ತದಾ?" ಎಂದಳು. ಕಡ್ಡಿಯನ್ನು ನನ್ನ ಬೆನ್ನ ಮೇಲೂ ಒಮ್ಮೆ ಪ್ರಯೋಗಿಸಿದಳು. ಅಲ್ಲಿಯೂ ಬೇರು ಬರಲಿಲ್ಲ.

ಅಜ್ಜಿಯ ಮಾತಿನ ತಥ್ಯ ಗೊತ್ತಾದದ್ದು ಈಚೆಗೆ. ಬಿಳೀ ಗಾಜಿನೊಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಬೇರಿಗೆ ಕಂದು ಬಾಟಲಿಯೇ ಲೇಸು. ಕಂದು ಬಾಟಲಿಯೆಂದರೆ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಜನ್ಮದಲ್ಲಿ ಗುಟುಕು ಬಿಯರ್ ಮುಟ್ಟದ ನಾನು ಗುಜರಿ ಅಂಗಡಿಯಿಂದ ಆರು ಖಾಲಿ ಬಾಟಲಿಗಳನ್ನು ಚೀಲದಲ್ಲಿ ಠಣಠಣ ಎನ್ನಿಸುತ್ತ ತಂದ ಸಂಜೆ, ಎದುರು ಮನೆ ಆಂಟಿ ನನ್ನಾಕೆಯ ಕಿವಿಯಲ್ಲಿ, "ಸಾರ್‌ಗೆ ಆಫೀಸಲ್ಲಿ ಏನಾದ್ರೂ ಟೆನ್ಷನ್ನಾ?" ಎಂದು ವಿಚಾರಿಸಿದರಂತೆ. ನಾನು ರಿಟೈರಾಗಿ ನಾಲ್ಕು ವರ್ಷವಾಯಿತು.

ಸೊಳ್ಳೆಯ ವಿಷಯ ಮರೆತೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯ ತನಕ ಬೆಳೆಯಲು ವಾರ-ಹತ್ತು ದಿನ ಸಾಕು. ಆದ್ದರಿಂದ ಮೂರು ದಿನಕ್ಕೊಮ್ಮೆ ಹದಿನಾಲ್ಕೂ ಬಾಟಲಿಗೆ ಅಭ್ಯಂಜನ. ಬೇರು ಎರಡಿಂಚು ಬೆಳೆಯುತ್ತಲೇ ಕುಂಡಕ್ಕೆ ವರ್ಗ. ನೀರಿನಲ್ಲಿ ಬೆಳೆದ ಬೇರು ನಾಜೂಕು, ಬೆರಳು ತಾಗಿದರೆ ಲಟಕ್ಕನೆ ಮುರಿಯುತ್ತದೆ. ಮಣ್ಣಿಗಿಳಿದ ಮೇಲೆ ಒಂದು ವಾರ ನೆರಳು, ತೇವ, ಉಪಚಾರ. ಆ ವಾರ ಅದನ್ನು ಕಿತ್ತು ನೋಡದಿರಲು ನಾನು ಪಡುವ ಪಾಡು ನನ್ನ ಬೆನ್ನಿಗೇ ಗೊತ್ತು.

ಹಾಗೆ ಬದುಕಿದ ಒಂದು ದಾಸವಾಳವನ್ನು ಗೇಟಿನ ಹೊರಗಿಟ್ಟಿದ್ದೆ. ಮೊನ್ನೆ ನೋಡಿದರೆ ಅದರ ಒಂದು ರೆಂಬೆ ಕಾಣೆಯಾಗಿದೆ. ಓರೆಯಾಗಿ, ಗೆಣ್ಣಿನ ಸ್ವಲ್ಪ ಕೆಳಗೇ ಕತ್ತರಿಸಿದ್ದಾರೆ. ಕಸುಬು ಬಲ್ಲವರೇ. ಇನ್ನೂ ಮೂರು ರೆಂಬೆಗಳಿವೆ, ನಿಮಗೆ ಬೇಕಿದ್ದರೆ ಬನ್ನಿ. ಕೇಳಬೇಡಿ ಮಾತ್ರ, ಬೇರು ಬರುವುದಿಲ್ಲ. ನಾನು ಪೇಪರ್ ಓದುತ್ತಿರುತ್ತೇನೆ.