ಬಡಿಸುವವಳ ಎಲೆ

ನಮ್ಮ ಮನೆಗಳಿಗೆ ನಾಲ್ಕು ಜನ ಊಟಕ್ಕೆ ಬಂದರೆಂದರೆ ಮನೆಯೊಡತಿಯ ಸ್ಥಳವು ಅಡಿಗೆಯ ಮನೆಯೇ ಎಂಬುದು ಯಾರೂ ಬರೆದಿಡದೆ ನಡೆದುಬಂದಿರುವ ಶಾಸನ. ಬಂದವರು ನಡುಮನೆಯಲ್ಲಿ ಕುಳಿತು ಲೋಕಾಭಿರಾಮವಾಗಿ ಮಾತನಾಡುತ್ತಿರುವರು. ಆಕೆಯಾದರೋ ಒಲೆಯ ಮುಂದೆ ನಿಂತು ಅವರ ನಗುವಿನ ಸದ್ದನ್ನು ಮಾತ್ರ ಕೇಳುತ್ತಿರುವಳು. ಎಲ್ಲರ ಊಟವಾಗಿ, ಎಲ್ಲರೂ ಎಲೆಯಡಿಕೆಗೆ ಕೈಯಿಟ್ಟ ಮೇಲೆ ಕಡೆಯ ಎಲೆ ಆಕೆಯದು. ಅಷ್ಟು ಹೊತ್ತಿಗೆ ಸಾರು ಆರಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಮೈಸೂರಿನಲ್ಲಿ ಹುಟ್ಟಿದ ನಾನು ಇದನ್ನು ನೋಡಿಯೇ ಬೆಳೆದೆನು. ಮದುವೆಯಾಗಿ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರಕ್ಕೆ ಬಂದು ಸಂಸಾರ ಹೂಡಿದ ಮೇಲೆಯೂ ಆ ಶಾಸನವನ್ನು ಪಾಲಿಸುತ್ತಲೇ ಇದ್ದೆನು. ಅದನ್ನು ಏಕೆ ಮುರಿದೆನು, ಮುರಿಯುವುದಕ್ಕೆ ಹನ್ನೆರಡು ಪುಟ್ಟ ಬನ್ನುಗಳು ಹೇಗೆ ನೆರವಾದುವು ಎಂಬುದನ್ನು ವಾಚಕರಿಗೆ ತಿಳಿಸಬೇಕೆಂದಿದ್ದೇನೆ.

ನನ್ನ ಕೈಯ ಮಸಾಲೆದೋಸೆಗೆ ಇಲ್ಲಿಯ ಕನ್ನಡಿಗರಲ್ಲಿ ಸ್ವಲ್ಪ ಹೆಸರುಂಟು. ನಾನೇ ಹೀಗೆ ಹೇಳಿಕೊಳ್ಳುವುದು ತರವಲ್ಲವಾದರೂ ಕಥೆಗೆ ಅದು ಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ಯುಗಾದಿ ಕಳೆದ ಶನಿವಾರ ಇಪ್ಪತ್ತು ಮಂದಿಯನ್ನು ದೋಸೆಗೆ ಕರೆದಿದ್ದೆವು. ದೋಸೆಯ ಗುಣ ಎಲ್ಲರಿಗೂ ಗೊತ್ತಿರುವುದಷ್ಟೆ: ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ನಡುವೆ ತಡವಾದರೆ ಅದು ದೋಸೆಯಲ್ಲ. ಎರಡು ಕಾವಲಿಗಳನ್ನಿಟ್ಟು ಎರಡೂವರೆ ಗಂಟೆ ನಿಂತೆನು.

ಆ ದಿನ ಬಂದಿದ್ದವರಲ್ಲಿ ಹಾಸನದ ಕಡೆಯ ಗೆಳತಿಯೊಬ್ಬಳಿದ್ದಳು. ನನಗಿಂತ ಕಿರಿಯಳು, ನನ್ನನ್ನು ಅಕ್ಕಾ ಎಂದೇ ಕರೆಯುವಳು. ಆಕೆ ಅಡಿಗೆಮನೆಯ ಬಾಗಿಲಿಗೆ ಬಂದು, “ಅಕ್ಕಾ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಾಗಿತ್ತು” ಎಂದಳು. “ಇದೊಂದು ಎಬ್ಬಿಸಿ ಬಂದುಬಿಟ್ಟೆ, ಕೂತಿರು” ಎಂದೆನು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು, “ಕೊಡಿ ಅಕ್ಕಾ, ನಾನು ಹುಯ್ಯುತ್ತೇನೆ” ಎಂದು ಕೈ ನೀಡಿದಳು. “ಬಂದವರ ಕೈಯಲ್ಲಿ ದುಡಿಸುವುದುಂಟೆ?” ಎಂದು ಹಿಂದಕ್ಕೆ ಕಳುಹಿಸಿದೆನು. ಮೂರನೆಯ ಸಲ ಬಂದಾಗ ಮಗು ಅವಳ ಹೆಗಲ ಮೇಲೆ ನಿದ್ದೆಹೋಗಿತ್ತು. ಕುಂಕುಮವನ್ನು ಕೊಟ್ಟು, ಒಂದು ಡಬ್ಬಿ ಚಟ್ನಿಪುಡಿಯನ್ನೂ ಕೈಗಿತ್ತು, “ಇನ್ನೊಂದು ದಿನ ಬಿಡುವಾಗಿ ಮಾತನಾಡೋಣ” ಎಂದು ಬೀಳ್ಕೊಟ್ಟೆನು.

ಆ ಇನ್ನೊಂದು ದಿನ ಬರಲಿಲ್ಲ. ಅವಳ ಯಜಮಾನರಿಗೆ ಕೆಲಸ ಹೋಗಿತ್ತು. ಈ ದೇಶದಲ್ಲಿ ಉದ್ಯೋಗದ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ೬೦ ದಿನಗಳೊಳಗೆ ಬೇರೊಂದನ್ನು ಹಿಡಿಯಬೇಕು; ಇಲ್ಲವೆ ಗಂಟುಮೂಟೆ ಕಟ್ಟಬೇಕು. ನಮ್ಮ ಮನೆಯ ದೋಸೆಯ ದಿನ ಆ ಲೆಕ್ಕದಲ್ಲಿ ಅರ್ಧ ಕಳೆದಿತ್ತಂತೆ. ನನಗೆ ಸುದ್ದಿ ತಿಳಿದಾಗ ಅವರು ಊರು ಸೇರಿದ್ದರು. ನಾನು ಕುಳಿತು ಕೇಳಿದ್ದರೆ ಅವರಿಗೆ ಕೆಲಸ ದೊರೆಯುತ್ತಿತ್ತೆಂದು ಹೇಳಲಾರೆನು. ಆದರೆ ಕಷ್ಟವನ್ನು ಹೇಳಿಕೊಳ್ಳಲು ಬಂದವಳಿಗೆ ನಾನು ಕೊಟ್ಟದ್ದು ಒಂದು ಡಬ್ಬಿ ಚಟ್ನಿಪುಡಿ. ಅಲ್ಲಿಂದ ಮುಂದೆ ಬಹುಕಾಲ ನಾವು ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಯಜಮಾನರು ಕಾರಣ ಕೇಳಿದಾಗಲೆಲ್ಲ ಕಾಲುನೋವೆಂದು ಹೇಳುತ್ತಿದ್ದೆನು.

ಹೀಗಿರುವಾಗ ಒಂದು ದಿನ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಸಂಜೆಯ ಊಟಕ್ಕೆ ಕರೆದರು. ಆಕೆ ಅಮೆರಿಕದವರು, ಒಂಟಿಯಾಗಿರುವರು. ನಾವು ಹೋದಾಗ ಹದಿನಾಲ್ಕು ಜನರ ನಡುವೆ ಆಕೆ ನಿಶ್ಚಿಂತೆಯಿಂದ ಕುಳಿತಿದ್ದರು. ಅಡಿಗೆಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಗಂಟೆ ಕಿಣಿಕಿಣಿ ಎಂದಿತು. ಆಕೆ ಎದ್ದುಹೋಗಿ ಓವನ್ನಿನಿಂದ ಎರಡು ಟ್ರೇಗಳನ್ನು ತೆಗೆದು ಮೇಜಿನ ಮೇಲಿಟ್ಟು ಮತ್ತೆ ತಮ್ಮ ಕುರ್ಚಿಗೆ ಬಂದರು. ಒಂದೊಂದರಲ್ಲಿಯೂ ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಪುಟ್ಟ ಬನ್ನುಗಳು. ನೆತ್ತಿಯ ಮೇಲೆ ಬೆಣ್ಣೆಯ ಹೊಳಪು. ಆ ಹೊಳಪಿನ ಮೇಲೆ ಉದುರಿಸಿದ್ದುದು ನಮ್ಮ ಪಾಯಸದ ಗಸಗಸೆ! ಒಂದು ಟ್ರೇಯ ಬನ್ನುಗಳಲ್ಲಿ ಹಂದಿಯ ಮಾಂಸವಿತ್ತು. ನಮಗಾಗಿ ಬೇರೆ ಮಾಡಿದ್ದ ಇನ್ನೊಂದರಲ್ಲಿ ಚೀಸು, ಈರುಳ್ಳಿ ಮಾತ್ರ. ಅವರವರೇ ಕಿತ್ತುಕೊಂಡು ತಿಂದರು. ರಾತ್ರಿ ಹತ್ತರ ತನಕ ಆ ಹಿರಿಯರು ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ನನ್ನ ತವರಿನ ವಿಷಯವನ್ನೆಲ್ಲ ಕೇಳಿದರು. ಅವರ ಮನೆಯ ಎದುರಿಗೆ ಆರು ವರ್ಷ ಬಾಳಿಯೂ ನಾವು ಅಷ್ಟು ಮಾತನಾಡಿರಲಿಲ್ಲ.

ಈ ತಿಂಡಿಗೆ ಸ್ಲೈಡರ್ ಎಂದು ಹೆಸರು. ಜಾರುವಂಥದು ಎಂದು ಅರ್ಥ. ಗಂಟಲಲ್ಲಿ ಸುಲಭವಾಗಿ ಜಾರಿ ಇಳಿಯುವುದರಿಂದ ಹೀಗೆ ಕರೆದರೆಂದು ಜನ ಹೇಳುವರು. ೧೯೨೧ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ಎಂಬಲ್ಲಿ ವಾಲ್ಟರ್ ಆಂಡರ್ಸನ್, ಬಿಲ್ಲಿ ಇಂಗ್ರಾಮ್ ಎಂಬಿಬ್ಬರು ‘ವೈಟ್ ಕ್ಯಾಸಲ್’ ಎಂಬ ಅಂಗಡಿಯನ್ನು ತೆರೆದು, ಒಂದಕ್ಕೆ ಐದು ಸೆಂಟಿನಂತೆ ಮಾಂಸದ ಚಿಕ್ಕ ಬನ್ನುಗಳನ್ನು ಮಾರಿದರು. ಸ್ಲೈಡರ್ ಎಂಬ ಹೆಸರು ಆ ಬಗೆಯ ಬನ್ನಿಗೆ ಅಂಟಿಕೊಂಡಿತು. ೧೯೩೪ರಲ್ಲಿ ಆ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ಕೊಲಂಬಸ್ಸಿಗೇ ಬಂದಿತು. ಒಂದೇ ಟ್ರೇಯಲ್ಲಿ ಹನ್ನೆರಡನ್ನೂ ಬೇಯಿಸುವುದು ಗೃಹಿಣಿಯರ ಉಪಾಯ.

ಇದಕ್ಕೆ ಹೆಚ್ಚಾಗಿ ಬಳಸುವ ಹವಾಯಿಯ ಸಿಹಿ ಬನ್ನಿನ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ೧೮೭೮ರಲ್ಲಿ ಮೊದಲುಗೊಂಡು ಪೋರ್ಚುಗಲ್ಲಿಗೆ ಸೇರಿದ ಮಡೀರಾ ಮುಂತಾದ ದ್ವೀಪಗಳ ಜನ ಕಬ್ಬಿನ ತೋಟಗಳ ಕೂಲಿಗಾಗಿ ಹವಾಯಿಗೆ ಹೋದರು. ಅವರೊಡನೆ ಅವರ ಸಿಹಿ ರೊಟ್ಟಿಯೂ ಹೋಯಿತು. ಜಪಾನಿನ ಓಕಿನಾವಾದಿಂದ ಬಂದವರ ಮಗನಾದ ರಾಬರ್ಟ್ ಟೈರಾ ಎಂಬಾತನು ೧೯೫೦ರ ದಶಕದಲ್ಲಿ ಹವಾಯಿಯ ಹಿಲೋ ಪಟ್ಟಣದಲ್ಲಿ ಬೇಕರಿಯನ್ನಿಟ್ಟು ಅದನ್ನು ಪ್ರಸಿದ್ಧಿಗೆ ತಂದನು. ೧೯೭೭ರಲ್ಲಿ ಅವನ ಉದ್ಯಮ ಕ್ಯಾಲಿಫೋರ್ನಿಯಾವನ್ನೂ ಮುಟ್ಟಿತು. ಅದೇ ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದರಷ್ಟೆ. ಅವರ ಭಾಷೆಯ ರೊಟ್ಟಿಯ ಹೆಸರೇ ನಮ್ಮ ಪಾವ್. ನಮ್ಮ ಕರಾವಳಿಯವರು ಆಲೂಗಡ್ಡೆಗೆ ಹೇಳುವ ಬಟಾಟೆಯೂ ಅವರ ಮಾತೇ. ಹೀಗೆ ಹವಾಯಿಯ ಬನ್ನಿಗೂ ನಮ್ಮ ಪಾವಿಗೂ ದಾಯಾದಿ ಸಂಬಂಧವಿದೆಯೆಂದು ತಿಳಿದ ಮೇಲೆ, ಅದರೊಳಗೆ ಬಟಾಟೆಯ ಪಲ್ಯವನ್ನು ತುಂಬಲು ನನಗೆ ಯಾವ ಸಂಕೋಚವೂ ಉಳಿಯಲಿಲ್ಲ.

ಸಂಕೋಚ ಹೋದರೂ ಕೈ ಪಳಗಬೇಕಲ್ಲ. ಮೊದಲ ಸಲ ದೋಸೆಗೆ ಹಚ್ಚುವಂತೆ ನೀರುಚಟ್ನಿ ಹಚ್ಚಿ, ಬಿಸಿಬಿಸಿ ಪಲ್ಯ ತುಂಬಿ ಓವನ್ನಿಗಿಟ್ಟೆನು. ಅಡಿಯ ಅರ್ಧವೆಲ್ಲ ತೊಯ್ದು ಮುದ್ದೆಯಾಯಿತು. ಎರಡನೆಯ ಸಲ ಮುಚ್ಚದೆ ಇಟ್ಟೆನು. ಸಕ್ಕರೆ ಸೇರಿದ ಬನ್ನಾದುದರಿಂದ ಒಳಗಿನ ಚೀಸು ಕರಗುವ ಮೊದಲೇ ನೆತ್ತಿ ಕರಿಕಾಯಿತು. ಮೂರನೆಯ ಸಲ, ನೆರೆಮನೆಯವರು ಹೇಳಿದ ವೂಸ್ಟರ್ ಸಾಸಿನ ಸೀಸೆಯನ್ನು ಕೊಂಡುತಂದು ಚೀಟಿಯನ್ನು ಓದಿದರೆ ಅದರಲ್ಲಿ ಮೀನಿತ್ತು. ಅದೇ ಚೀಟಿಯಲ್ಲಿ ಹುಣಿಸೆಹಣ್ಣಿನ ಹೆಸರೂ ಇತ್ತು. ಮೀನನ್ನು ಬಿಟ್ಟು ಹುಣಿಸೆಯನ್ನು ಇಟ್ಟುಕೊಂಡೆನು. ಚೀಸಿನ ವಿಷಯದಲ್ಲಿಯೂ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಹಾಲನ್ನು ಒಡೆಯಿಸಲು ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟನ್ನು ಬಳಸುವರು. ಅದಿಲ್ಲದ ಚೀಸು ಬೇಕಾದಷ್ಟು ಸಿಕ್ಕುತ್ತದೆ.

ಈಗ ನಾನು ಮಾಡುವ ಕ್ರಮವಿದು. ಒಂದಕ್ಕೊಂದು ಅಂಟಿರುವ ಹನ್ನೆರಡು ಬನ್ನುಗಳನ್ನು ಬಿಡಿಸದೆ, ಗರಗಸದಂತಹ ಹಲ್ಲಿರುವ ಚಾಕುವಿನಿಂದ ಅಡ್ಡಲಾಗಿ ಕೊಯ್ದು, ಮೇಲಿನ ಪದರವನ್ನು ಇಡಿಯಾಗಿ ಎತ್ತಿಡಬೇಕು. ಕೆಳಗಿನ ಪದರವನ್ನು ಟ್ರೇಯಲ್ಲಿಟ್ಟು ೩೫೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ೧೭೫ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಐದು ನಿಮಿಷ ಬರಿದೇ ಬಿಸಿಮಾಡಿದರೆ ಅದು ತೊಯ್ಯುವುದಿಲ್ಲ. ಅದರ ಮೇಲೆ ತೆಳುವಾದ ಚೀಸಿನ ಆರು ಹಾಳೆಗಳನ್ನು ಹಾಸಬೇಕು. ನಾಲ್ಕು ಸಾಧಾರಣ ಆಲೂಗಡ್ಡೆ, ಎರಡು ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿಗಳಿಂದ ನೀರು ಬೆರಸದೆ ಮಾಡಿ ಆರಿಸಿದ ಪಲ್ಯವನ್ನು ಸಮವಾಗಿ ಹರಡಿ, ಮೇಲೆ ಎರಡು ಚಮಚ ಚಟ್ನಿಪುಡಿಯನ್ನು ಉದುರಿಸಿ, ಎತ್ತಿಟ್ಟ ಪದರವನ್ನು ಮುಚ್ಚಬೇಕು. ನಾಲ್ಕು ದೊಡ್ಡ ಚಮಚ ಬೆಣ್ಣೆಯನ್ನು ಕರಗಿಸಿ, ಅರ್ಧ ಚಮಚ ಗಟ್ಟಿ ಹುಣಿಸೆರಸವನ್ನೂ ಒಂದು ಚಮಚ ಅರೆದ ಸಾಸಿವೆಯನ್ನೂ ಕದಡಿ ನೆತ್ತಿಗೆ ಸವರಿ, ಒಂದು ಚಮಚ ಗಸಗಸೆಯನ್ನು ಚೆಲ್ಲಬೇಕು. ಅಲ್ಯೂಮಿನಿಯಂ ಹಾಳೆಯನ್ನು ಮುಚ್ಚಿ ಹದಿನೈದು ನಿಮಿಷ, ತೆಗೆದು ಐದು ನಿಮಿಷ ಬೇಯಿಸಿದರೆ ನೆತ್ತಿ ಹೊಂಬಣ್ಣಕ್ಕೆ ತಿರುಗುತ್ತದೆ. ಹಿಂದಿನ ರಾತ್ರಿಯೇ ತುಂಬಿ ಶೀತಪೆಟ್ಟಿಗೆಯಲ್ಲಿ ಇಡಬಹುದು. ಆದರೆ ಬೆಣ್ಣೆಯನ್ನು ಬೇಯಿಸುವ ಮುನ್ನವೇ ಸವರಬೇಕು, ಮುಚ್ಚಿ ಬೇಯಿಸುವ ಹೊತ್ತನ್ನು ಐದು ನಿಮಿಷ ಹೆಚ್ಚಿಸಬೇಕು. ಬೆಳಗಿನ ಪಲ್ಯ ಉಳಿದಿದ್ದರೆ ಕಚೇರಿಯಿಂದ ದಣಿದು ಬಂದ ಸಂಜೆಗೂ ಇದೇ ಊಟವಾಗುತ್ತದೆ. ಮಗ ಪಾಠ ಒಪ್ಪಿಸುವಷ್ಟರಲ್ಲಿ ಆರು ಬನ್ನುಗಳು ಸಿದ್ಧ.

ಹೋದ ವರ್ಷ ನಮ್ಮ ಅತ್ತೆಯವರು ಮೈಸೂರಿನಿಂದ ಬಂದಿದ್ದರು. ಎಪ್ಪತ್ತನಾಲ್ಕು ವಯಸ್ಸು. ನವೆಂಬರಿನಲ್ಲಿ ರಾಜ್ಯೋತ್ಸವದ ನೆವದಿಂದ ಹದಿನಾರು ಮಂದಿಯನ್ನು ಕರೆದೆವು. ಹವಾಯಿಯ ಬನ್ನಿನಲ್ಲಿ ಮೊಟ್ಟೆಯಿರುವುದರಿಂದ ಅತ್ತೆಯವರಿಗೂ ಅವರಂತೆಯೇ ಮೊಟ್ಟೆ ಮುಟ್ಟದವರಿಗೂ ಭಾರತೀಯರ ಅಂಗಡಿಯಿಂದ ಮೊಟ್ಟೆಯಿಲ್ಲದ ಪಾವನ್ನು ತಂದು ಒಂದು ಟ್ರೇ ಬೇರೆ ಮಾಡಿದೆನು. ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಬಂದು ಸುತ್ತಲೂ ನೋಡಿ, “ಒಲೆಯ ಮೇಲೆ ಏನೂ ಇಲ್ಲವಲ್ಲಮ್ಮ! ಬಂದವರಿಗೆ ಏನು ಹಾಕುತ್ತೀಯೆ?” ಎಂದರು.

“ಎಲ್ಲಾ ಓವನ್ನಿನಲ್ಲಿದೆ, ಅತ್ತೆ. ಇನ್ನಿಪ್ಪತ್ತು ನಿಮಿಷ ಬೇಕು. ಬನ್ನಿ, ಹೋಗಿ ಕೂತುಕೊಳ್ಳೋಣ.”

ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಎರಡು ಸಲ ಎದ್ದರು. ಎರಡು ಸಲವೂ ಕೈಹಿಡಿದು ಕೂರಿಸಿದೆನು. ಗಂಟೆಯಾಯಿತು. ಟ್ರೇಗಳು ಮೇಜಿಗೆ ಬಂದುವು. ಮೊದಲ ಪಾವನ್ನು ಅವರ ತಟ್ಟೆಗೆ ಹಾಕಹೋದರೆ, “ಅವರಿಗೆಲ್ಲ ಆಗಲಮ್ಮ” ಎಂದರು. “ಎಲ್ಲರಿಗೂ ಆಗಿದೆ ಅತ್ತೆ, ನೋಡಿ” ಎಂದೆನು. ನೋಡಿದರು, ನಿಜವಾಗಿಯೂ ಎಲ್ಲರ ತಟ್ಟೆಯಲ್ಲಿಯೂ ಇತ್ತು. ಒಂದು ತುಣುಕು ಮುರಿದು ಬಾಯಿಗಿಟ್ಟರು. ರುಚಿಯಾಗಿದೆ ಎನ್ನಲಿಲ್ಲ. “ಬಿಸಿಯಾಗಿದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅದನ್ನೇ ಇನ್ನೊಮ್ಮೆ ಹೇಳಿದರು. ಅತಿಥಿಗಳು ಹೋದ ಮೇಲೆ ಮಾತ್ರ, ಪಲ್ಯಕ್ಕೆ ಉಪ್ಪು ಸಾಲದೆಂದೂ ಮುಂದಿನ ಸಲ ಇನ್ನೆರಡು ಮೆಣಸಿನಕಾಯಿ ಬೀಳಬೇಕೆಂದೂ ತೀರ್ಪು ಹೇಳಿದರು.

ಬನ್ನು ದೋಸೆಗೆ ಸಮನೆಂದು ನಾನು ವಾದಿಸುವುದಿಲ್ಲ. ನಮ್ಮ ಯಜಮಾನರಂತೂ ಆ ಮಾತನ್ನು ಒಪ್ಪುವವರೇ ಅಲ್ಲ. ನಾಲ್ವರೇ ಇರುವ ಭಾನುವಾರ ಕಾವಲಿ ಏರುತ್ತದೆ. ಒಬ್ಬರಾದ ಮೇಲೆ ಒಬ್ಬರು ಹುಯ್ಯುತ್ತೇವೆ. ಜನ ಹೆಚ್ಚಿದ ದಿನ ಓವನ್ನು.

ಹಾಸನದ ಗೆಳತಿಗೆ ಮೊನ್ನೆ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿ, ಅಂದಿನ ತಪ್ಪಿಗಾಗಿ ಕ್ಷಮೆ ಬೇಡಿದೆನು. ಆಕೆ ನಕ್ಕು, “ಬಿಡಿ ಅಕ್ಕಾ, ನಿಮ್ಮ ಚಟ್ನಿಪುಡಿ ನಾವು ಹೊರಡುವ ದಿನದವರೆಗೂ ಬಂತು. ಪಾತ್ರೆಗಳನ್ನೆಲ್ಲ ಕಟ್ಟಿಟ್ಟಿದ್ದೆವು, ಅನ್ನಕ್ಕೆ ಅದೇ ಆಯಿತು” ಎಂದಳು. ಆಮೇಲೆ ಒಂದು ಗಂಟೆಯ ಕಾಲ ತನ್ನ ವಿಷಯವನ್ನು ಹೇಳಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಕುಳಿತು ಕೇಳಿದೆನು.