ಉಪ್ಪು ತಿಂದ ಕಾರು ನೀರು ಕುಡಿಯಲೇಬೇಕು!

ಹಿಮದ ಮೇಲೆ ಹೀರೋನ ಕಾರು ಸುಂಯ್ ಎಂದು ಜಾರುವ ದೃಶ್ಯ ಬಂದರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಶಿಳ್ಳೆಯೋ ಶಿಳ್ಳೆ! ನಾವೂ ನೀವೂ ಹೊಡೆದವರೇ ಬಿಡಿ. ಆದರೆ ಆ ದೃಶ್ಯಗಳ ಹಿಂದಿನ ಗುಟ್ಟು ಸ್ವಲ್ಪ ಕೇಳಿ. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಡಿಬಿ5 ಕಾರು ಸ್ವಿಟ್ಜರ್ಲೆಂಡಿನ ಫುರ್ಕಾ ಘಾಟಿಯ ತಿರುವುಗಳನ್ನು ಹತ್ತಿ ಇಳಿಯುತ್ತದಲ್ಲ, ಅದು ಬೇಸಿಗೆಯಲ್ಲಿ ತೆಗೆದದ್ದು. ಚಳಿಗಾಲ ಬಂತೆಂದರೆ ಆ ಘಾಟಿ ರಸ್ತೆಯೇ ಬಂದ್! ಕಾರುಗಳನ್ನು ರೈಲಿಗೆ ಹತ್ತಿಸಿ, 1982ರಲ್ಲಿ ತೆರೆದ ಸುರಂಗದೊಳಗಿಂದ ಸಾಗಿಸುತ್ತಾರೆ. 1987ರ ‘ದಿ ಲಿವಿಂಗ್ ಡೇಲೈಟ್ಸ್’ನಲ್ಲಿ ಬಾಂಡನ ಕಾರಿಗೆ ಹಿಮದ ಮೇಲೆ ಜಾರುವ ಪಟ್ಟಿಗಳೇ ಹೊರಬರುತ್ತವೆ. 2002ರ ‘ಡೈ ಅನದರ್ ಡೇ’ಗೆ ಐಸ್‌ಲ್ಯಾಂಡಿನ ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿಸಿದ ಕಾರುಗಳಿಗೋ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವಂತೆ ಒಳಗಿನ ಯಂತ್ರವನ್ನೇ ಬದಲಿಸಿದ್ದರು.

ಹಾಗಾದರೆ ಸ್ಟಂಟ್ ಮಾಸ್ಟರ್ ಇಲ್ಲದೆ, ಸ್ಟುಡಿಯೋ ಮೆಕ್ಯಾನಿಕ್ ಇಲ್ಲದೆ, ಹಿಮ ಬೀಳಲಿ ಬಿಡಲಿ, ವರ್ಷವಿಡೀ ಕೆಲಸಕ್ಕೆ ಹೋಗಿಬರಲು ಸ್ಪೋರ್ಟ್ಸ್ ಕಾರು ಓಡಿಸುವವರು ಇದ್ದಾರೆಯೆ? ಇದ್ದಾರೆ ಸ್ವಾಮಿ! ಅವರಲ್ಲೊಬ್ಬ ನನ್ನ ದೊಡ್ಡಮ್ಮನ ಮಗ. ಹುಟ್ಟಿದ್ದು ಮಂಡ್ಯದ ಕಡೆ, ಈಗ ವಾಸ ಕೆನಡಾದ ಮಾಂಟ್ರಿಯಲ್ ನಗರದ ಪಕ್ಕದ ಬ್ರೊಸಾರ್. ಕಳೆದ ಜನವರಿಯಲ್ಲಿ ಅಣ್ಣನ ಮನೆಯಲ್ಲಿದ್ದು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಿಳಿ ಊರು, ಕಿತ್ತಳೆ ದೀಪ

ಮಾಂಟ್ರಿಯಲ್ ಒಂದು ದ್ವೀಪ. ಸುತ್ತ ನದಿಯ ನೀರು. ವರ್ಷಕ್ಕೆ ಬೀಳುವ ಹಿಮವನ್ನೆಲ್ಲ ಒಟ್ಟುಮಾಡಿದರೆ ಸುಮಾರು 2 ಮೀಟರ್, ಅಂದರೆ ಆರಡಿ ಆಳು ಮುಳುಗುವಷ್ಟು! ಜನವರಿಯ ಸರಾಸರಿಯೇ ಸೊನ್ನೆಗಿಂತ 9-10 ಡಿಗ್ರಿ ಕೆಳಗೆ. ಚಳಿ ಕೆರಳಿದ ದಿನ ಮೈನಸ್ 20, 25. ಮೂಗಿನೊಳಗಿನ ಕೂದಲು ಚುರುಚುರು ಎಂದು ಹೆಪ್ಪುಗಟ್ಟುವುದು ನಿಮಗೇ ಗೊತ್ತಾಗುತ್ತದೆ.

ದೊಡ್ಡ ಹಿಮ ಬಿದ್ದ ಮೇಲೆ ರಸ್ತೆ ತೆರವು ಮಾಡುವುದನ್ನು ನೋಡಬೇಕು, ಅದೇ ಒಂದು ಸಿನಿಮಾ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಬಾರದೆಂದು ಕಿತ್ತಳೆ ಬಣ್ಣದ ಫಲಕ ನೆಡುತ್ತಾರೆ. ಆಮೇಲೆ ಸೈರನ್ ಕೂಗುತ್ತದೆ. ಆಗಲೂ ಎದ್ದು ಬರದವನ ಕಾರನ್ನು ಎಳೆದುಕೊಂಡು ಹೋಗಿ ಬೇರೆ ಬೀದಿಯಲ್ಲಿ ಬಿಡುತ್ತಾರೆ. ಹಿಂದೆಯೇ ಬರುವ ಯಂತ್ರ ಹಿಮವನ್ನು ನುಂಗಿ, ಪಕ್ಕದಲ್ಲೇ ತೆವಳುವ ಲಾರಿಗೆ ಕಾರಂಜಿಯ ಹಾಗೆ ಉಗುಳುತ್ತದೆ. ರಾತ್ರಿಯೆಲ್ಲ ಇದೇ ಗದ್ದಲ.

ಇಂಥ ಊರಿನಲ್ಲಿ ಸ್ಪೋರ್ಟ್ಸ್ ಕಾರು ಉಳ್ಳವರು ಏನು ಮಾಡುತ್ತಾರೆ? ನವೆಂಬರಿಗೆ ಮುಸುಕು ಹೊದಿಸಿ ಒಳಗಿಡುತ್ತಾರೆ, ಏಪ್ರಿಲ್ಲಿಗೆ ಹೊರಗೆ ತೆಗೆಯುತ್ತಾರೆ. ಚಳಿಗಾಲಕ್ಕೆಂದೇ ಒಂದು ಹಳೇ ಡಬ್ಬಾ ಕಾರು ಇಟ್ಟುಕೊಂಡಿರುತ್ತಾರೆ. ಅಣ್ಣನಿಗೆ ಆ ಭಾಗ್ಯವಿಲ್ಲ. ಮನೆಯ ಸಾಲದ ಕಂತು ಒಂದು ಕಡೆ, ಊರಿನಲ್ಲಿ ದೊಡ್ಡಪ್ಪನ ಡಯಾಲಿಸಿಸ್‌ಗೆ ತಿಂಗಳು ತಿಂಗಳು ಕಳಿಸುವ ದುಡ್ಡು ಇನ್ನೊಂದು ಕಡೆ. ಎರಡನೇ ಕಾರು, ಅದರ ವಿಮೆ, ಎಲ್ಲಿಂದ ತರೋಣ? ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸ. ಬೆಳಗಿನ ಜಾವ 5ಕ್ಕೆ ಹಾಜರಿರಬೇಕು. ಅಷ್ಟು ಹೊತ್ತಿಗೆ ಮೆಟ್ರೊ ಇನ್ನೂ ಎದ್ದಿರುವುದಿಲ್ಲ. ಇರುವ ಒಂದೇ ಕಾರು ಹೊರಡಲೇಬೇಕು. ಹೊರಡದಿದ್ದರೆ ಕೆಲಸಕ್ಕೇ ಸಂಚಕಾರ.

ಆ ಒಂದೇ ಕಾರು ಯಾವುದು? ಕೆಂಪು ಬಣ್ಣದ, ಸೆಕೆಂಡ್ ಹ್ಯಾಂಡ್, ಎರಡೇ ಸೀಟಿನ ಮಾಜ್ಡಾ ಎಂಎಕ್ಸ್-5! 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಂಡ ಈ ಜಪಾನಿ ಸುಂದರಿಯನ್ನು ಅಲ್ಲಿಯ ಜನ ಮಿಯಾಟಾ ಎಂದು ಕರೆಯುತ್ತಾರೆ. ತೂಕ ಅಂದಾಜು ಒಂದು ಟನ್. ಮಡಚುವ ಬಟ್ಟೆಯ ಚಾವಣಿ. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಿಮದಲ್ಲಿ ಇದಕ್ಕಿಂತ ತಪ್ಪು ಕಾರು ಹುಡುಕಿದರೂ ಸಿಗಲಾರದು ಎಂದು ನೆರೆಯವರ ನಗೆ. ಬಾಲ್ಯದಲ್ಲಿ ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ ಎರಡು ಸೀಟಿನ ಕಾರಿನ ಆಸೆ ಅವನಿಗೆ, ನೆರೆಯವರಿಗೇನು ಗೊತ್ತು!

ಕೊಬ್ಬರಿ ಎಣ್ಣೆಯ ಪಾಠ

“ಲೋ, ಕಾರು ಓಡೋದು ಎಂಜಿನ್ನಿಂದ ಅಲ್ಲ ಕಣೋ, ಟೈರಿಂದ,” ಎಂದ ಅಣ್ಣ ಮೊದಲ ದಿನವೇ. “ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟ್ಲೀಲಿ ಹೆಂಗೆ ಗಟ್ಟಿ ಆಗುತ್ತೆ? ಬೇಸಿಗೆ ಟೈರಿನ ರಬ್ಬರೂ ಹಂಗೇ.”

ಮಾತು ನಿಜ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಬೇಸಿಗೆ ಟೈರು ಬಿರುಸಾಗಿ ರಸ್ತೆಯ ಹಿಡಿತ ಬಿಡತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೈನಸ್‌ನಲ್ಲೂ ಮೆತ್ತಗಿರುತ್ತದೆ. ಅದರ ಮೈತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು ಹಿಮವನ್ನು ಕಚ್ಚಿಹಿಡಿಯುತ್ತವೆ. ಬೆಟ್ಟದ ಮೂರು ಶಿಖರ, ನಡುವೆ ಹಿಮದ ಹರಳು, ಇದೇ ಅದರ ಗುರುತಿನ ಚಿತ್ರ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನ ಪ್ರಕಾರವೇ ಕಡ್ಡಾಯ. ತಪ್ಪಿದರೆ ದಂಡ.

ನಾಲ್ಕು ಚಕ್ರಕ್ಕೂ ಬಲವಿರುವ ದೊಡ್ಡ ಗಾಡಿ ಇದ್ದರೆ ಚಿಂತೆಯಿಲ್ಲ ಎನ್ನುವವರುಂಟು. ನಾಲ್ಕು ಚಕ್ರದ ಬಲ ಗಾಡಿಯನ್ನು ಹೊರಡಿಸಲು ಸಹಾಯ ಮಾಡುತ್ತದೆ, ಸರಿ. ನಿಲ್ಲಿಸುವಾಗ? ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಅಲ್ಲಿ ಕಾಯುವುದು ಟೈರು ಒಂದೇ. ಭಾರದ ಗಾಡಿ ಜಾರಿದರೆ ನಿಲ್ಲಿಸುವುದು ಇನ್ನೂ ಕಷ್ಟ.

ಮೈನಸ್ 22, ಬೆಳಗಿನ ಜಾವ 4 ಗಂಟೆ

ಒಂದು ದಿನ ನಾನೂ ಹೊರಟೆ. ಕತ್ತಲು. ಮೈನಸ್ 22. ಅಣ್ಣ ಮೆತ್ತನೆಯ ಬ್ರಷ್‌ನಿಂದ ಬಟ್ಟೆ ಚಾವಣಿಯ ಹಿಮ ಗುಡಿಸಿದ. ಕೆರೆದರೆ ಹರಿದುಹೋಗುತ್ತದಂತೆ. ಈ ಚಳಿಯಲ್ಲಿ ಚಾವಣಿ ಮಡಚುವಂತೆಯೂ ಇಲ್ಲ, ಬಿರುಕು ಬಿಡುತ್ತದೆ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಒಂದು ಚೀಲ ಮರಳು. ಚಕ್ರ ಹೂತಾಗ ಅದರ ಕೆಳಗೆ ಸುರಿಯಲು ಮರಳು, ದಾರಿಯಲ್ಲಿ ಸಿಕ್ಕಿಬಿದ್ದರೆ ಹೊದೆಯಲು ಕಂಬಳಿ. ಪುಟ್ಟ ಗೂಡಾದ್ದರಿಂದ ಹೀಟರ್ ಹಾಕಿದ ಸ್ವಲ್ಪ ಹೊತ್ತಿಗೇ ಒಳಗೆ ಬೆಚ್ಚಗಾಯಿತು. ಎರಡನೇ ಗೇರಿನಲ್ಲೇ ಕಾರು ಎತ್ತಿದ. “ಬಾಗಿಲ ಮುಂದಿನ ರಂಗೋಲಿ ಕೆಡದ ಹಂಗೆ ಕಾಲಿಡ್ತೀವಲ್ಲ, ಆಕ್ಸಿಲರೇಟರ್ ಮೇಲೆ ಹಂಗೆ ಇಡಬೇಕು,” ಎಂದ.

ಬ್ರೊಸಾರಿನಿಂದ ನಗರಕ್ಕೆ ಶಾಂಪ್ಲೇನ್ ಸೇತುವೆ ದಾಟಬೇಕು. ಉದ್ದ 3.4 ಕಿಲೋಮೀಟರ್. ಸೇತುವೆಯ ಕೆಳಗೂ ಗಾಳಿ ಬೀಸುವುದರಿಂದ ನೆಲದ ರಸ್ತೆಗಿಂತ ಮೊದಲೇ ಅಲ್ಲಿ ನೀರು ಮಂಜುಗಡ್ಡೆಯಾಗುತ್ತದೆ. ದೊಡ್ಡ ಗಾಡಿಯೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದಿಕ್ಕಿ ಹೋಯಿತು. ಅಣ್ಣ ವೇಗ ಹೆಚ್ಚಿಸಲಿಲ್ಲ.

ಸೇತುವೆ ಇಳಿದು ಬಲಕ್ಕೆ ತಿರುಗುವಾಗ ನಡೆದದ್ದು ಇದು. ರಸ್ತೆ ಒಣಗಿದಂತೆ ಕಪ್ಪಗೆ ಕಾಣುತ್ತಿತ್ತು. ಆದರೆ ಅದು ಗಾಜಿನಂಥ ತೆಳು ಮಂಜುಗಡ್ಡೆ. ಕಾರಿನ ಹಿಂಭಾಗ ಎಡಕ್ಕೆ ಸರಕ್ಕನೆ ಜಾರಿತು! ನನ್ನ ಜೀವ ಬಾಯಿಗೆ ಬಂತು. ಅಣ್ಣ ಬ್ರೇಕ್ ಮುಟ್ಟಲಿಲ್ಲ. ಕಾಲು ಮೆಲ್ಲಗೆ ಸಡಿಲಿಸಿದ. ಸ್ಟಿಯರಿಂಗನ್ನು ಹಿಂಭಾಗ ಜಾರಿದ ಕಡೆಗೇ, ಎಡಕ್ಕೇ, ಒಂಚೂರು ತಿರುಗಿಸಿದ. ಕಣ್ಣು ಮಾತ್ರ ತಾನು ಹೋಗಬೇಕಾದ ದಾರಿಯ ಮೇಲೆ. ಕಾರು ಒಮ್ಮೆ ಓಲಾಡಿ ನೇರವಾಯಿತು. ಎಲ್ಲ ಎರಡೇ ಎರಡು ಸೆಕೆಂಡಿನ ಆಟ.

ಮುಂದೆ ನೋಡಿದರೆ, ಆಗ ಹಾರ್ನ್ ಹೊಡೆದ ದೊಡ್ಡ ಗಾಡಿ ಹಿಮದ ದಿಬ್ಬಕ್ಕೆ ಮೂತಿ ಹುಗಿದು ನಿಂತಿತ್ತು! ಅಣ್ಣ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೂಗಿ ಕೇಳಿದ. ಒಳಗಿನವರಿಗೆ ಏನೂ ಆಗಿರಲಿಲ್ಲ. ನಾವು ಆಸ್ಪತ್ರೆ ಸೇರಿದಾಗ 5ಕ್ಕೆ ಆರು ನಿಮಿಷ ಬಾಕಿ.

ಹಿಮದಲ್ಲಿ ಪಳಗಿದ ಚಾಂಪಿಯನ್

ಹಿಮ ಚಾಲಕನಿಗೆ ಶತ್ರು ಮಾತ್ರವಲ್ಲ, ಗುರುವೂ ಹೌದು ಎನ್ನುವುದಕ್ಕೆ ಈ ನಾಡಿನ ವೀರ ಜಿಲ್ ವಿಲ್ನೆವ್ ಸಾಕ್ಷಿ. ಕ್ವಿಬೆಕ್‌ನ ಬರ್ತಿಯೆವಿಲ್ ಎಂಬ ಊರಿನಲ್ಲಿ ಬೆಳೆದ ಹುಡುಗ. ಮೊದಲು ಹೆಸರು ಮಾಡಿದ್ದು ಕಾರಿನಲ್ಲಲ್ಲ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಪಂದ್ಯಗಳಲ್ಲಿ. 1974ರಲ್ಲಿ ಅದರಲ್ಲಿ ವಿಶ್ವ ಚಾಂಪಿಯನ್. ಮುಂದಿನವನು ಎಬ್ಬಿಸುವ ಹಿಮದ ಧೂಳಿನಲ್ಲಿ ಕಣ್ಣು ಕಾಣದೆ ಓಡಿಸಿ ಅಭ್ಯಾಸವಾದವನಿಗೆ ಮಳೆಯ ಪಂದ್ಯ ಯಾವ ಲೆಕ್ಕ? ಮುಂದೆ ಫೆರಾರಿ ತಂಡ ಸೇರಿ, 1978ರ ಅಕ್ಟೋಬರ್ ಚಳಿಯಲ್ಲಿ ಇದೇ ಮಾಂಟ್ರಿಯಲ್‌ನಲ್ಲಿ ತನ್ನ ಮೊದಲ ಫಾರ್ಮುಲಾ ಒನ್ ಪಂದ್ಯ ಗೆದ್ದ. 1982ರಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಅಪಘಾತಕ್ಕೆ ಬಲಿಯಾದ. ನದಿಯ ನಡುವಿನ ನೋಟ್ರ್ ಡಾಮ್ ದ್ವೀಪದಲ್ಲಿರುವ ಪಂದ್ಯದ ಹಾದಿಗೆ ಈಗ ಅವನದೇ ಹೆಸರು.

ಖಳನಾಯಕ ಯಾರು?

ಇಷ್ಟಾದರೂ ಈ ಕಥೆಯ ಖಳನಾಯಕ ಹಿಮವಲ್ಲ, ಉಪ್ಪು! ರಸ್ತೆಯ ಮಂಜುಗಡ್ಡೆ ಕರಗಲೆಂದು ಚೆಲ್ಲುವ ಕಲ್ಲುಪ್ಪು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಅದೇ ಅದರ ಉಪಯೋಗ. ಮೈನಸ್ 15ಕ್ಕಿಂತ ಕೆಳಗೆ ಅದರ ಆಟ ಅಷ್ಟಾಗಿ ನಡೆಯದು, ಆಗ ಸಣ್ಣ ಜಲ್ಲಿ ಚೆಲ್ಲುತ್ತಾರೆ. ನಾವು ಜಾರಿದ ದಿನ ಮೈನಸ್ 22 ಇತ್ತೆಂಬುದನ್ನು ನೆನೆಸಿಕೊಳ್ಳಿ.

ಈ ಉಪ್ಪುನೀರು ಕಬ್ಬಿಣವನ್ನು ತಿನ್ನುವ ಪರಿ ನೋಡಬೇಕೆ? ಹಳೆಯ ಶಾಂಪ್ಲೇನ್ ಸೇತುವೆ 1962ರಲ್ಲಿ ತೆರೆದದ್ದು. ಉಪ್ಪುನೀರಿನ ಹೊಡೆತವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ್ದರು. ಆ ನೀರು ಕಾಂಕ್ರೀಟಿನೊಳಗೆ ಇಳಿದು ಉಕ್ಕನ್ನು ತಿಂದುಹಾಕಿತು. ಅರವತ್ತು ವರ್ಷ ತುಂಬುವ ಮೊದಲೇ, 2019ರಲ್ಲಿ, ಪಕ್ಕದಲ್ಲಿ ಹೊಸ ಸೇತುವೆ ತೆರೆಯಬೇಕಾಯಿತು. ಹೊಸದಕ್ಕೆ 125 ವರ್ಷದ ಆಯುಸ್ಸು ಇಟ್ಟು ಕಟ್ಟಿದ್ದಾರೆ. ಸೇತುವೆಯನ್ನೇ ನುಂಗಿದ ಉಪ್ಪಿಗೆ ಒಂದು ಟನ್ನಿನ ಕಾರು ಯಾವ ಮೂಲೆಗೆ!

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕಾರೂ ಅಷ್ಟೇ. ಚಳಿ ಸ್ವಲ್ಪ ಇಳಿದ ದಿನ ನೋಡಿ ಅಣ್ಣ ಕಾರಿನ ಹೊಟ್ಟೆಗೆ ಕೆಳಗಿನಿಂದ ರಭಸದ ನೀರು ಹೊಡೆಸುತ್ತಾನೆ. ಕಡು ಚಳಿಯಲ್ಲಿ ತೊಳೆಸಿದರೆ ಬಾಗಿಲೇ ಹೆಪ್ಪುಗಟ್ಟಿ ಕೂರುತ್ತದೆ. ಪ್ರತಿ ಶರತ್ಕಾಲ ಅಡಿಭಾಗಕ್ಕೆಲ್ಲ ತುಕ್ಕು ತಡೆಯುವ ಎಣ್ಣೆ ಸಿಂಪಡಿಸುತ್ತಾರೆ. ನಮ್ಮಲ್ಲಿ ಕೂಸುಗಳಿಗೆ ಎಣ್ಣೆನೀರು ಮಾಡುವ ಹಾಗೆ! ಆದರೂ ಮೂರನೇ ಚಳಿಗಾಲಕ್ಕೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಬಣ್ಣ ಉಬ್ಬಿ ಗುಳ್ಳೆ ಎದ್ದಿದೆ. ಕಾರಿನ ತಪ್ಪಲ್ಲ, ಉಪ್ಪಿನ ಕೆಲಸ.

“ಇನ್ನು ನಾಲ್ಕು ಚಳಿಗಾಲ,” ಎಂದು ಮೆಕ್ಯಾನಿಕ್ ಹೇಳಿಬಿಟ್ಟ. ಆ ರಾತ್ರಿ ಅನ್ನ ಬಡಿಸುತ್ತ ಅತ್ತಿಗೆ ಅಂದರು, “ಈಗಲೇ ಮಾರಿಬಿಡಿ ಅಂದ್ರೆ. ಬಣ್ಣ ಚೆನ್ನಾಗಿರೋವಾಗ್ಲೇ ನಾಲ್ಕು ಕಾಸು ಹುಟ್ಟುತ್ತೆ. ಇಷ್ಟಪಟ್ಟು ತಂದ ಕಾರು ಕಣ್ಣೆದುರೇ ಕೊಳೀತಿದ್ರೆ ನಿಮಗೆ ಹೊಟ್ಟೆ ಉರಿಯಲ್ವಾ?”

ಅಣ್ಣ ತಟ್ಟೆ ನೋಡುತ್ತಲೇ ಹೇಳಿದ: “ಉರಿಯುತ್ತೆ ಕಣೇ. ಹಂಗಂತ ಮುಸುಕು ಹಾಕಿ ಪೂಜೆ ಮಾಡೋಕೆ ಅದೇನು ದೇವರ ಪಟವಾ? ಮಾರಿದ್ರೆ ಬರೋ ದುಡ್ಡಿಗೆ ಸಿಗೋದು ಇನ್ಯಾರೋ ಉಪ್ಪು ತಿನ್ನಿಸಿದ ಕಾರು. ಇದ್ರ ನೋವು ನಲಿವು ನಂಗೆ ಗೊತ್ತು. ಅಪ್ಪನ ದುಡ್ಡು ಒಂದು ತಿಂಗಳೂ ತಪ್ಪದ ಹಂಗೆ ನೋಡ್ಕೊಂಡಿದೆ. ಸವೆಯೋದಾದ್ರೆ ದುಡಿದು ಸವೆಯಲಿ.” ಅತ್ತಿಗೆ ಮಾತಾಡದೆ ಇನ್ನೊಂದು ಸೌಟು ಸಾರು ಬಡಿಸಿದರು.

ಈ ಕಾರಿನಲ್ಲಿ ಆಗದ ದಿನಗಳೂ ಉಂಟು. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಒಂದು ಗೇಣೂ ಇಲ್ಲ. ಅದಕ್ಕಿಂತ ಎತ್ತರ ಹಿಮ ಬಿದ್ದರೆ ಕಾರು ಹಿಮದ ಮೇಲೇ ಕೂತು ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಅಂಥ ದಿನ ಅಣ್ಣ ಹಟ ಮಾಡುವುದಿಲ್ಲ, ಹಿಂದಿನ ರಾತ್ರಿಯೇ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ಅವರ ಗಾಡಿಯಲ್ಲಿ ಹೋಗುತ್ತಾನೆ.

ನಮ್ಮ ಕಡೆಯ ಹುಡುಗರು ಆ ನಾಡಿಗೆ ಓದಲು, ದುಡಿಯಲು ಹೋಗುತ್ತಲೇ ಇದ್ದೀರಿ. ಕೈಯಲ್ಲಿ ನಾಲ್ಕು ಕಾಸು ಆದಾಗ ಎರಡು ಸೀಟಿನ ಕಾರಿನ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ. ತಪ್ಪೇನಿಲ್ಲ, ಕೊಳ್ಳಿ. ಆದರೆ ಕಾರಿನ ಬೆಲೆ ಕೇಳುವ ಮೊದಲು ನಾಲ್ಕು ಚಳಿಗಾಲದ ಟೈರಿನ ಬೆಲೆ ಕೇಳಿ. ಖಾಲಿ ಮೈದಾನ ಹುಡುಕಿ, ಅನುಮತಿ ಪಡೆದು, ಜಾರುವುದನ್ನೂ ಜಾರಿ ನೇರವಾಗುವುದನ್ನೂ ಅಲ್ಲಿ ಮೊದಲು ಕಲಿಯಿರಿ. ಕೊಳ್ಳುವಾಗ ಮೇಲಿನ ಹೊಳಪಿಗೆ ಮರುಳಾಗದೆ ಬಗ್ಗಿ, ಟಾರ್ಚ್ ಬಿಟ್ಟು ಕಾರಿನ ಅಡಿ ನೋಡಿ. ಉಪ್ಪು ಮೊದಲು ಕೈಹಾಕುವುದು ಅಲ್ಲಿಗೇ!