ಹೊಯ್ಗೆಯಲ್ಲಿ ಸೈಕಲ್

ನಮ್ಮ ಬೆಂಗ್ರೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಬರೀ ಹೊಯ್ಗೆ. ಬೋಟಿಗೆ ಹೋಗುವ ನನ್ನ ಮಾಮನಿಗೆ ಇದಕ್ಕಿಂತ ದೊಡ್ಡ ಹೊಯ್ಗೆ ನೋಡಬೇಕಂತೆ. ರಾಜಸ್ಥಾನದ ಥಾರ್ ಮರುಭೂಮಿಗೆ, ಜೈಸಲ್ಮೇರಿಗೆ, ಸೈಕಲಿನಲ್ಲೇ ಹೋಗುತ್ತಾರಂತೆ! ಸುಮಾರು 2,000 ಕಿಲೋಮೀಟರ್. ದಿನಕ್ಕೆ 80ರಂತೆ ತುಳಿದರೂ 25 ದಿನ ಬೇಕು.

"ಮೊದಲು ಇಲ್ಲಿ ಒಂದು ರಾತ್ರಿ ಮಲಗಿ ತೋರಿಸು ಮಾರಾಯ" ಎಂದರು ಅಜ್ಜಿ.

ಒಂದು ಶನಿವಾರ ಹೊರಟೆವು. ಕ್ಯಾರಿಯರಿನಲ್ಲಿ ಟರ್ಪಾಲು, ಅವಲಕ್ಕಿ, ಒಂದು ಕ್ಯಾನ್ ನೀರು. ಒಣ ಹೊಯ್ಗೆಯಲ್ಲಿ ಚಕ್ರ ಹೂತೇ ಹೋಯಿತು. ಟಯರಿನ ಗಾಳಿ ಸ್ವಲ್ಪ ಬಿಟ್ಟ ಮೇಲೆ ಅದು ಅಗಲವಾಗಿ ಕೂತು ಮುಂದೆ ಹೋಯಿತು. ಅಲೆ ಬಂದು ಹೋದ ಒದ್ದೆ ಹೊಯ್ಗೆ ಮಾತ್ರ ರೋಡಿನ ಹಾಗೆ ಗಟ್ಟಿ. ಮರುಭೂಮಿಗೆ ಅಲೆ ಎಲ್ಲಿಂದ ಬರಬೇಕು?

ತಣ್ಣೀರುಬಾವಿಯ ಹತ್ತಿರ ಗಾಳಿಮರದ ಕೆಳಗೆ ಟರ್ಪಾಲು ಕಟ್ಟಿದೆವು. ಬೆಳಗಾಗುವಾಗ ಕ್ಯಾನ್ ಖಾಲಿ! ಒಂದು ಮನೆಯ ಬಾವಿಯಿಂದ ನೀರು ತಂದೆವು. ಎರಡೂ ಕಡೆ ಉಪ್ಪು ಇದ್ದು ನಡುವೆ ಸಿಹಿನೀರು ಹೇಗೆ? ಮಳೆನೀರು ಹಗುರ, ಹೊಯ್ಗೆಯೊಳಗೆ ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಜೈಸಲ್ಮೇರ್ ಕಡೆ ಹೊಯ್ಗೆಯಡಿಯ ಜಿಪ್ಸಮ್ ಪದರ ಮಳೆನೀರನ್ನು ತಡೆದು ಹಿಡಿಯುತ್ತದೆ. ಅಲ್ಲಿ ತೋಡುವ ಸಣ್ಣ ಬಾವಿಗೆ 'ಬೇರಿ' ಎನ್ನುತ್ತಾರೆ.

ಮಲಗಿದ್ದು ಅಜ್ಜಿಗೆ ಒಪ್ಪಿಗೆಯಾಯಿತು, ಆದರೆ ಹೋಗುವುದು ಯಾವಾಗ? ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೆ ರಜೆ, ಆಗ ಇಲ್ಲಿ ಮಳೆ, ಥಾರಿನಲ್ಲಿ ಸುಡುವ ಸೆಕೆ. ಡಿಸೆಂಬರ್ ತಂಪು, ಆದರೆ ಆಗ ಬೋಟಿನ ಕೆಲಸ ಬಿಟ್ಟರೆ ಮನೆಗೆ ಸಂಬಳವಿಲ್ಲ. ಮಾಮ ಸೈಕಲಿಗೆ ಎಣ್ಣೆ ಹಾಕಿ ಇಟ್ಟಿದ್ದಾರೆ. ಅಜ್ಜಿ ಇನ್ನೂ "ಹೂಂ" ಎನ್ನಲಿಲ್ಲ.